ಹೆಸರಿಲ್ಲದ ಫಂಕ್ಷನ್ ತನ್ನೊಡನೆ ಏನನ್ನು ಒಯ್ಯುತ್ತದೆ ಎಂಬುದನ್ನು ಕಲಿಸಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಈಚೆಗೆ ಸಾಂಸ್ಕೃತಿಕ ಸಂಘವೊಂದರ ಪದಾಧಿಕಾರಿಯೊಬ್ಬರು ತಮ್ಮ ಅಳಲನ್ನು ತೋಡಿಕೊಂಡಿದ್ದರು. ಹೋಸ್ಟಿಂಗ್ ಕಂಪನಿಯವರು ಸರ್ವರ್‌ನಲ್ಲಿದ್ದ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು 8ನೇ ಆವೃತ್ತಿಗೆ ಏರಿಸಿದ ಮೇಲೆ, ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸಂಘದ ಜಾಲತಾಣ ತೆರೆಯುತ್ತಲೇ ಇಲ್ಲ, ‘ಕ್ರಿಯೇಟ್ ಫಂಕ್ಷನ್’ ಎಂಬ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕು) ಇಲ್ಲವೆನ್ನುವ ಒಂದು ಸಾಲಿನ ದೋಷ ಸಂದೇಶ ಮಾತ್ರ ಕಾಣುತ್ತದೆ, ಆದ್ದರಿಂದ ಹಳೆಯ ಆವೃತ್ತಿಯನ್ನೇ ಮರಳಿ ಹಾಕಿಕೊಡುವಂತೆ ಕಂಪನಿಗಳ ಮೇಲೆ ಒತ್ತಡ ತರಬೇಕು ಎಂಬುದು ಅವರ ಪತ್ರದ ಸಾರ. ಅವರ ತೊಂದರೆ ನಿಜವಾದದ್ದು. ಮುನ್ಸೂಚನೆ ಕೊಡದೆ ಆವೃತ್ತಿ ಬದಲಿಸಿದ್ದರೆ ಅದನ್ನು ಯಾರೂ ಸಮರ್ಥಿಸಲಾಗದು. ಆದರೆ ಅವರು ಕೇಳಿರುವ ಪರಿಹಾರ ಸರಿಯಾದದ್ದಲ್ಲ ಎಂದು, ಪದವಿ ತರಗತಿಗಳಿಗೆ ವೆಬ್ ಪ್ರೋಗ್ರಾಮಿಂಗ್ ಪಾಠ ಮಾಡುವ ನನಗೆ ಖಚಿತವಾಗಿ ಅನ್ನಿಸಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಆ ಒಂದು ಸಾಲಿನ ದೋಷದ ಹಿಂದೆ, ಹೆಸರಿಲ್ಲದ ಫಂಕ್ಷನ್‌ಗಳನ್ನು, ಅಂದರೆ ಅನಾನಿಮಸ್ ಫಂಕ್ಷನ್‌ಗಳನ್ನು ಮತ್ತು ಹೊರಗಿನದನ್ನು ತಮ್ಮೊಡನೆ ಒಯ್ಯುವ ಕ್ಲೋಷರ್‌ಗಳನ್ನು, ನಾವು ಕಲಿಸುತ್ತ ಬಂದಿರುವ ರೀತಿಯ ಕೊರತೆಯೂ ಇದೆ.

ಹಳೆಯ ಆವೃತ್ತಿಗೆ ಮರಳುವ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 7ನೇ ಸರಣಿಯ ಕೊನೆಯದಾದ ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿಗಳು ಬರುವುದು 2022ರ ನವೆಂಬರ್‌ನಲ್ಲೇ ನಿಂತಿದೆ. ಸದಸ್ಯರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಇಟ್ಟುಕೊಂಡಿರುವ ತಾಣವನ್ನು ಅದರ ಮೇಲೆ ನಡೆಸಿಕೊಂಡು ಹೋಗಿ ಎಂದು ಯಾರಿಗೂ ಸಲಹೆ ಕೊಡುವಂತಿಲ್ಲ. ‘ಕ್ರಿಯೇಟ್ ಫಂಕ್ಷನ್’ ಕೂಡ ರಾತ್ರೋರಾತ್ರಿ ಮಾಯವಾದದ್ದಲ್ಲ. 2009ರ ಜೂನ್ ಕೊನೆಯಲ್ಲಿ ಬಂದ 5.3ನೇ ಆವೃತ್ತಿಯಲ್ಲೇ ಅದಕ್ಕಿಂತ ಉತ್ತಮವಾದ ವ್ಯವಸ್ಥೆ ದೊರೆತಿತ್ತು, 2017ರ 7.2ನೇ ಆವೃತ್ತಿಯಿಂದ, ಅದನ್ನು ಬಳಸಿದಲ್ಲೆಲ್ಲ ‘ಇದನ್ನು ಕೈಬಿಡಲಾಗುತ್ತಿದೆ’ ಎಂಬ ಎಚ್ಚರಿಕೆ ಬರತೊಡಗಿತು. 2020ರ ನವೆಂಬರ್‌ನಲ್ಲಿ 8.0 ಬಿಡುಗಡೆಯಾದಾಗ ಅದನ್ನು ಪೂರ್ತಿಯಾಗಿ ತೆಗೆಯಲಾಯಿತು. ಬದಲಿ ಸಿಕ್ಕ ದಿನದಿಂದ ತೆಗೆದುಹಾಕಿದ ದಿನದವರೆಗೆ ಹನ್ನೊಂದು ವರ್ಷಗಳಿಗೂ ಹೆಚ್ಚಿನ ಅವಕಾಶವಿತ್ತು. ಅಷ್ಟು ಕಾಲವೂ ಹಳೆಯ ಸಾಲುಗಳು, ತಾಣದ ವಿನ್ಯಾಸವನ್ನು ಹೇಳುವ ಥೀಮ್‌ನಿಂದ ಥೀಮ್‌ಗೆ, ನೋಟ್ಸ್‌ನಿಂದ ನೋಟ್ಸ್‌ಗೆ ನಕಲಾಗುತ್ತಲೇ ಹೋದವು.

ಆ ಫಂಕ್ಷನ್ ಮಾಡುತ್ತಿದ್ದುದೇನು? ಹೆಸರಿಡದೆ ಚಿಕ್ಕದೊಂದು ಫಂಕ್ಷನ್ ಬೇಕಾದಾಗ, ಅದರ ಆರ್ಗ್ಯುಮೆಂಟ್‌ಗಳನ್ನು, ಅಂದರೆ ಅದಕ್ಕೆ ಕೊಡುವ ಮಾಹಿತಿಯ ಹೆಸರುಗಳನ್ನು, ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೂ, ಒಳಗಿನ ಕೋಡನ್ನು ಮತ್ತೊಂದು ಸ್ಟ್ರಿಂಗ್ ಆಗಿಯೂ ಕೊಡಬೇಕಿತ್ತು. ಪಿಎಚ್‌ಪಿ ಆ ಅಕ್ಷರಗಳನ್ನು ಪ್ರೋಗ್ರಾಮ್ ಓಡುತ್ತಿರುವಾಗಲೇ ‘ಇವ್ಯಾಲ್’ ಮಾಡಿ, ಅಂದರೆ ಪಠ್ಯವನ್ನು ಕೋಡ್ ಎಂದು ತಿಳಿದು ನಡೆಸಿ, ಒಳಗಡೆ ಒಂದು ವಿಚಿತ್ರ ಹೆಸರಿನ ಫಂಕ್ಷನ್ ಕಟ್ಟಿ, ಆ ಹೆಸರನ್ನು ನಮ್ಮ ಕೈಗೆ ಕೊಡುತ್ತಿತ್ತು. ಹಾಗೆ ಕಟ್ಟಿದ ಫಂಕ್ಷನ್ ಪುಟ ಮುಗಿಯುವವರೆಗೂ ಮೆಮೊರಿಯಲ್ಲೇ ಉಳಿಯುತ್ತಿದ್ದುದರಿಂದ, ಅದನ್ನು ಲೂಪ್‌ನೊಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳೊಳಗೆ, ಬರೆದವರು ಪ್ರತಿ ಸುತ್ತಿಗೂ ಹೊಸದೊಂದನ್ನು ಕೂಡಿಹಾಕುತ್ತ ಹೋಗುತ್ತಿದ್ದರು. ಇದಕ್ಕಿಂತ ಗಂಭೀರವಾದ ತೊಂದರೆ ಮತ್ತೊಂದಿತ್ತು. ಹೊರಗಿನ ವೇರಿಯಬಲ್ (ಹೆಸರಿಟ್ಟು ಬೆಲೆಯೊಂದನ್ನು ಇಟ್ಟುಕೊಳ್ಳುವ ಜಾಗ) ಒಂದರ ಬೆಲೆ ಒಳಗೆ ಬೇಕೆಂದರೆ ಅದನ್ನು ಆ ಕೋಡ್ ಸ್ಟ್ರಿಂಗ್‌ಗೇ ಅಂಟಿಸಬೇಕಿತ್ತು. ಆ ಬೆಲೆ ಫಾರ್ಮ್‌ನಲ್ಲಿ ಯಾರೋ ತುಂಬಿದ್ದಾಗಿದ್ದರೆ, ಅವರು ಟೈಪ್ ಮಾಡಿದ ಅಕ್ಷರಗಳೇ ಸರ್ವರ್‌ನಲ್ಲಿ ಕೋಡ್ ಆಗಿ ಓಡುವ ದಾರಿ ತೆರೆದುಕೊಳ್ಳುತ್ತಿತ್ತು. ಎಡಿಟರ್‌ಗೆ ಕೂಡ ಅದು ಬರೀ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವಾಗಿ ಕಾಣುತ್ತಿದ್ದುದರಿಂದ, ಒಳಗಿನ ತಪ್ಪು ಓಡಿಸುವ ಮೊದಲು ಕಣ್ಣಿಗೆ ಬೀಳುತ್ತಿರಲಿಲ್ಲ.

2008ರಲ್ಲಿ ಕ್ರಿಶ್ಚಿಯನ್ ಸೈಲರ್ ಮತ್ತು ಡ್ಮಿಟ್ರಿ ಸ್ಟೋಗೋವ್ ಮಂಡಿಸಿದ ಪ್ರಸ್ತಾವದಿಂದ ಪಿಎಚ್‌ಪಿಗೆ ನಿಜವಾದ ಕ್ಲೋಷರ್‌ಗಳು ಬಂದವು. ಫಂಕ್ಷನ್ ಎಂಬ ಪದದ ಮುಂದೆ ಹೆಸರನ್ನು ಬಿಟ್ಟು, ಉಳಿದದ್ದನ್ನು ಎಂದಿನಂತೆ ಬರೆದು, ಅದನ್ನು ಒಂದು ವೇರಿಯಬಲ್‌ಗೆ ಕೊಡಬಹುದು ಅಥವಾ ಇನ್ನೊಂದು ಫಂಕ್ಷನ್‌ಗೆ ನೇರವಾಗಿ ಕಳುಹಿಸಬಹುದು. ಹೊರಗಿನ ವೇರಿಯಬಲ್ ಬೇಕಾದರೆ ಆವರಣದ ಮುಂದೆ ‘ಯೂಸ್’ ಎಂದು ಬರೆದು ಅದರ ಹೆಸರನ್ನು ಹೇಳಬೇಕು. ಹೇಳದಿದ್ದರೆ ಒಳಗೆ ಅದು ಇಲ್ಲವೇ ಇಲ್ಲ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಿಂದ ಬಂದವರಿಗೆ ಇದು ಕಿರಿಕಿರಿಯೆನ್ನಿಸುತ್ತದೆ, ಏಕೆಂದರೆ ಅಲ್ಲಿ ಹೊರಗಿರುವುದೆಲ್ಲ ಒಳಗೆ ತಾನಾಗಿಯೇ ಕಾಣುತ್ತದೆ. ಆದರೆ ಪಿಎಚ್‌ಪಿಯಲ್ಲಿ ವೇರಿಯಬಲ್‌ಗಳನ್ನು ಮೊದಲೇ ಘೋಷಿಸುವ ಪದ್ಧತಿಯಿಲ್ಲ, ಬೆಲೆ ಕೊಟ್ಟ ಕೂಡಲೇ ವೇರಿಯಬಲ್ ಹುಟ್ಟುತ್ತದೆ. ಎಲ್ಲವೂ ತಾನಾಗಿಯೇ ಒಳಗೆ ಹರಿದು ಬರುವಂತಿದ್ದರೆ, ಫಂಕ್ಷನ್‌ನೊಳಗೆ ಕಾಣುವ ಒಂದು ಹೆಸರು ಅಲ್ಲಿ ಹೊಸದಾಗಿ ಹುಟ್ಟಿದ್ದೋ ಹೊರಗಿನದೋ ಎಂದು ಓದುವವರಿಗೆ ತಿಳಿಯುತ್ತಲೇ ಇರಲಿಲ್ಲ. ಆ ‘ಯೂಸ್’ ಪಟ್ಟಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಬೇರೆಯವರು ಬರೆದ ನೂರಾರು ಸಾಲುಗಳ ಫೈಲನ್ನು ಓದುವಾಗ, ಈ ಫಂಕ್ಷನ್ ಹೊರಗಿನಿಂದ ಏನನ್ನು ಹೊತ್ತು ತಂದಿದೆ ಎಂಬುದು ಅದೊಂದೇ ಕಡೆ ಬರೆದಿಟ್ಟಂತೆ ಸಿಗುತ್ತದೆ.

ಹೊತ್ತು ತರುವುದು ಬೆಲೆಯನ್ನೋ ವೇರಿಯಬಲ್ಲನ್ನೋ ಎಂಬ ಪ್ರಶ್ನೆಯಲ್ಲಿ ನಮ್ಮ ತರಗತಿಗಳು ಎಡವುತ್ತವೆ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು ಎಂಬುದು ಹಲವರಿಗೆ ತಿಳಿದಿಲ್ಲ. ನಾನು ಪಾಠಕ್ಕೆ ಹಾಗೆಯೇ ಬರೆಯುತ್ತೇನೆ. $ದರ ಎಂಬುದಕ್ಕೆ 5 ಎಂಬ ಬೆಲೆ ಕೊಟ್ಟು, $ಮೊತ್ತವನ್ನು ತೆಗೆದುಕೊಂಡು $ದರದಷ್ಟು ಶೇಕಡಾ ತೆರಿಗೆ ಲೆಕ್ಕ ಹಾಕುವ ಹೆಸರಿಲ್ಲದ ಫಂಕ್ಷನ್ ಒಂದನ್ನು, ‘ಯೂಸ್’ ಪಟ್ಟಿಯಲ್ಲಿ $ದರವನ್ನು ಹೆಸರಿಸಿ, $ತೆರಿಗೆ ಎಂಬ ವೇರಿಯಬಲ್‌ನಲ್ಲಿ ಇಡೋಣ. ಮುಂದಿನ ಸಾಲಿನಲ್ಲಿ $ದರವನ್ನು 18 ಮಾಡಿ, ಆಮೇಲೆ ಒಂದು ಸಾವಿರ ರೂಪಾಯಿಗೆ $ತೆರಿಗೆಯನ್ನು ಕರೆದರೆ ಉತ್ತರ 180 ಬರುತ್ತದೆಯೆಂದು ತರಗತಿಯಲ್ಲಿ ಹೆಚ್ಚಿನವರು ಹೇಳುತ್ತಾರೆ. ಬರುವುದು 50. ಫಂಕ್ಷನ್ ಅನ್ನು ಬರೆದ ಸಾಲನ್ನು ಪಿಎಚ್‌ಪಿ ದಾಟಿದ ಕ್ಷಣದಲ್ಲಿ $ದರದ ಬೆಲೆ ಏನಿತ್ತೋ ಅದರ ಪ್ರತಿ ಒಳಗೆ ಸೇರಿರುತ್ತದೆ. ಹೊರಗೆ ನಂತರ ಆದ ಬದಲಾವಣೆ ಅದಕ್ಕೆ ತಲುಪದು. ಇದೇ ಸಾಲುಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ 180 ಬರುತ್ತದೆ, ಏಕೆಂದರೆ ಅಲ್ಲಿನ ಕ್ಲೋಷರ್ ಬೆಲೆಯನ್ನು ನಕಲು ಮಾಡಿಕೊಳ್ಳದೆ ವೇರಿಯಬಲ್ಲನ್ನೇ ಹಿಡಿದಿರುತ್ತದೆ. ಪಿಎಚ್‌ಪಿಯಲ್ಲಿಯೂ ಹಾಗೆ ಆಗಬೇಕೆಂದರೆ ‘ಯೂಸ್’ ಪಟ್ಟಿಯಲ್ಲಿ ಹೆಸರಿಗಿಂತ ಮೊದಲು ಆ್ಯಂಪರ್ಸಂಡ್ (&) ಚಿಹ್ನೆ ಹಾಕಿ, ಬೆಲೆಯ ಬದಲು ರೆಫರೆನ್ಸ್, ಅಂದರೆ ಆ ವೇರಿಯಬಲ್ಲನ್ನೇ, ಕೇಳಬೇಕು.

ಆ್ಯಂಪರ್ಸಂಡ್ ಮರೆತಾಗ ಆಗುವ ತಪ್ಪು ಇನ್ನಷ್ಟು ಮೋಸದ್ದು. 500, 250, 750 ರೂಪಾಯಿಗಳ ಮೂರು ಶುಲ್ಕಗಳಿವೆ ಎನ್ನೋಣ. $ಒಟ್ಟು ಸೊನ್ನೆಯಿಂದ ಆರಂಭವಾಗುತ್ತದೆ. ಪಟ್ಟಿಯ ಒಂದೊಂದು ಅಂಶಕ್ಕೂ ಫಂಕ್ಷನ್ ಕರೆಯುವ ‘ಅರೇ ವಾಕ್’ಗೆ, ‘ಯೂಸ್’ ಪಟ್ಟಿಯಲ್ಲಿ $ಒಟ್ಟುವನ್ನು ಆ್ಯಂಪರ್ಸಂಡ್ ಇಲ್ಲದೆ ಹೆಸರಿಸಿದ ಹೆಸರಿಲ್ಲದ ಫಂಕ್ಷನ್ ಒಂದನ್ನು ಕೊಟ್ಟು, ಅದರ ಒಳಗೆ ಪ್ರತಿ ಶುಲ್ಕವನ್ನೂ $ಒಟ್ಟುವಿಗೆ ಕೂಡಿಸಿದರೆ, ಕೊನೆಯಲ್ಲಿ ಹೊರಗೆ ಮುದ್ರಿಸಿದಾಗ ಸೊನ್ನೆಯೇ ಬರುತ್ತದೆ. ಯಾವ ದೋಷ ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಒಳಗಡೆಯೇ ಮುದ್ರಿಸಿ ನೋಡಿದರೆ 500, 750, 1500 ಎಂದು ಬೆಳೆಯಬೇಕಾದದ್ದು 500, 250, 750 ಎಂದು ಬರುತ್ತದೆ: ಪ್ರತಿ ಕರೆಯಲ್ಲೂ $ಒಟ್ಟು ತಾನು ಹೊತ್ತು ತಂದ ಸೊನ್ನೆಯಿಂದಲೇ ಮತ್ತೆ ಹೊರಡುತ್ತದೆ. ಆ್ಯಂಪರ್ಸಂಡ್ ಸೇರಿಸಿದರೆ 1500 ಸರಿಯಾಗಿ ಸಿಗುತ್ತದೆ. ಈ ಮೂರು ಸಂಖ್ಯೆಗಳನ್ನು ಪರದೆಯ ಮೇಲೆ ಒಮ್ಮೆ ಕಂಡ ವಿದ್ಯಾರ್ಥಿಗೆ, ಬೆಲೆ ಮತ್ತು ರೆಫರೆನ್ಸ್‌ಗಳ ವ್ಯತ್ಯಾಸವನ್ನು ಮತ್ತೆ ವಿವರಿಸಬೇಕಾದ ಅಗತ್ಯ ಬಿದ್ದದ್ದನ್ನು ನಾನು ಕಂಡಿಲ್ಲ.

ಹಾಗೆಂದು ಎಲ್ಲ ಕಡೆಯೂ ಆ್ಯಂಪರ್ಸಂಡ್ ಹಾಕಿಬಿಡುವುದು ಪರಿಹಾರವಲ್ಲ. ಲೂಪ್‌ನ ಎಣಿಕೆಯ ವೇರಿಯಬಲ್ಲನ್ನು ರೆಫರೆನ್ಸ್ ಆಗಿ ಹಿಡಿದು ಐದು ಫಂಕ್ಷನ್‌ಗಳನ್ನು ಕಟ್ಟಿಟ್ಟು, ಲೂಪ್ ಮುಗಿದ ಮೇಲೆ ಕರೆದರೆ, ಐದೂ ಒಂದೇ ಬೆಲೆಯನ್ನು, ಲೂಪ್ ನಿಂತಾಗ ಉಳಿದ ಬೆಲೆಯನ್ನು, ಹೇಳುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಘೋಷಿಸುವ ಹಳೆಯ ಪದವಾದ ‘ವಾರ್’ ಬಳಸಿ ಬರೆದ ಲೂಪ್‌ಗಳು ವರ್ಷಗಟ್ಟಲೆ ಕಾಡಿದ್ದು ಇದೇ ಕಾರಣಕ್ಕೆ. ಐದು ಬಟನ್‌ಗಳಲ್ಲಿ ಯಾವುದನ್ನು ಒತ್ತಿದರೂ ಒಂದೇ ಸಂಖ್ಯೆ ಬರುತ್ತಿತ್ತು, ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಕೊಡುವ ‘ಲೆಟ್’ 2015ರ ಮಾನದಂಡದಲ್ಲಿ ಬಂದ ಮೇಲೆ ಅದು ನೀಗಿತು. ಎರಡೂ ಭಾಷೆಗಳನ್ನು ಒಂದೇ ಸೆಮಿಸ್ಟರ್‌ನಲ್ಲಿ ಕಲಿಯುವ ಮಕ್ಕಳಿಗೆ ‘ಕ್ಲೋಷರ್ ಎಂದರೆ ಹೊರಗಿನ ವೇರಿಯಬಲ್‌ಗಳನ್ನು ನೆನಪಿಡುವ ಫಂಕ್ಷನ್’ ಎಂಬ ಒಂದೇ ವಾಕ್ಯವನ್ನು ಎರಡಕ್ಕೂ ಬರೆಸಿದರೆ, ಆ ವಾಕ್ಯ ಪಿಎಚ್‌ಪಿಯ ಮಟ್ಟಿಗೆ ಅರ್ಧ ಸುಳ್ಳಾಗುತ್ತದೆ.

2019ರ ನವೆಂಬರ್‌ನಲ್ಲಿ 7.4ರೊಂದಿಗೆ ಬಂದ ಆ್ಯರೋ ಫಂಕ್ಷನ್‌ಗಳಲ್ಲಿ ‘ಯೂಸ್’ ಬರೆಯುವ ಕೆಲಸವಿಲ್ಲ. ಒಂದೇ ಎಕ್ಸ್‌ಪ್ರೆಷನ್ (ಬೆಲೆಯೊಂದನ್ನು ಕೊಡುವ ಲೆಕ್ಕ) ಇರುವ ಫಂಕ್ಷನ್‌ಗೆ ಹೊರಗಿನದು ತಾನಾಗಿಯೇ ಒಳಗೆ ಬರುತ್ತದೆ. ಇದನ್ನು ನೋಡಿ ಪಿಎಚ್‌ಪಿಯೂ ಜಾವಾಸ್ಕ್ರಿಪ್ಟ್‌ನಂತೆ ಆಯಿತೆಂದು ಭಾವಿಸುವವರಿದ್ದಾರೆ. ಇಲ್ಲಿಯೂ ಒಳಗೆ ಬರುವುದು ಬೆಲೆಯೇ, ಒಳಗೆ ಕೂಡಿಸಿದ್ದು ಹೊರಗಿನ $ಒಟ್ಟುವನ್ನು ಮುಟ್ಟದು.

ಕ್ಲೋಷರ್‌ನ ನಿಜವಾದ ಉಪಯೋಗವನ್ನು ತೋರಿಸಲು ನಾನು ಆರಿಸಿಕೊಳ್ಳುವುದು ಕನ್ನಡ ಪಟ್ಟಿಗಳ ಅಕಾರಾದಿ ಜೋಡಣೆಯನ್ನು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯೂ ಪಿಎಚ್‌ಪಿಯಲ್ಲೇ ಬರೆದದ್ದು, ವರ್ಡ್‌ಪ್ರೆಸ್ ಕೂಡ ಅದರಲ್ಲೇ ಇರುವುದು. ಹೀಗಾಗಿ ಕನ್ನಡದ ಜಾಲಕ್ಕೆ ಈ ಭಾಷೆ ದೂರದ್ದೇನಲ್ಲ. ಊರುಗಳ ಪಟ್ಟಿಯೊಂದನ್ನು ಪಿಎಚ್‌ಪಿಯ ಸಾಮಾನ್ಯ ‘ಸಾರ್ಟ್’ಗೆ ಕೊಟ್ಟರೆ ಅದು ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ‘ಳ’ಕಾರದ ಸ್ಥಾನ ‘ಲ’ಕಾರದ ಬೆನ್ನಿಗೇ ಇದೆ, ‘ವ’ಕಾರಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಾದರೋ ಅದು ‘ಹ’ಕಾರದ ನಂತರ, ಕೊನೆಯದು. ಆದ್ದರಿಂದ ಕವಿತಾಳಕ್ಕಿಂತ ಮುಂಚೆ ಕಳಸ, ಮಸ್ಕಿಗಿಂತ ಮುಂಚೆ ಮಳವಳ್ಳಿ ಬಂದು ಕೂರುತ್ತವೆ. ಶಾಲೆಯಲ್ಲಿ ವರ್ಣಮಾಲೆ ಕಲಿತ ಯಾರಿಗಾದರೂ ಇದು ಕಣ್ಣಿಗೆ ಹೊಡೆಯುವ ತಪ್ಪು, ಆದರೂ ಹಲವು ತಾಣಗಳ ಪಟ್ಟಿಗಳಲ್ಲಿ ಹಾಗೆಯೇ ಉಳಿದಿರುತ್ತದೆ.

ಇದಕ್ಕೆ ಪಿಎಚ್‌ಪಿಯ ‘ಇಂಟ್ಲ್’ ಎಂಬ ಎಕ್ಸ್‌ಟೆನ್ಷನ್‌ನಲ್ಲಿ (ಹೆಚ್ಚುವರಿ ಭಾಗದಲ್ಲಿ) ‘ಕೊಲೇಟರ್’ ಎಂಬ ಕ್ಲಾಸ್, ಅಂದರೆ ಆಬ್ಜೆಕ್ಟ್‌ಗಳನ್ನು ಕಟ್ಟುವ ಅಚ್ಚು, ಇದೆ. ಕನ್ನಡವೆಂದು ಹೇಳಿ ಅದನ್ನು ಸಿದ್ಧಮಾಡಿಕೊಂಡರೆ ಎರಡು ಪದಗಳನ್ನು ಕನ್ನಡದ ಕ್ರಮದಲ್ಲಿ ಹೋಲಿಸಿಕೊಡುತ್ತದೆ. ಬರೀ ಹೆಸರುಗಳ ಪಟ್ಟಿಯಾದರೆ ಅದರದ್ದೇ ಸಾರ್ಟ್ ಸಾಕು, ಕ್ಲೋಷರ್ ಬೇಕಿಲ್ಲ. ಆದರೆ ನಿಜವಾದ ಪಟ್ಟಿಯಲ್ಲಿ ಊರಿನ ಹೆಸರಿನ ಜೊತೆಗೆ ತಾಲ್ಲೂಕು, ಪಿನ್‌ಕೋಡ್, ಸಂಪರ್ಕ ಹೀಗೆ ಹಲವು ಅಂಶಗಳಿರುತ್ತವೆ. ಒಂದೊಂದು ಸಾಲೂ ಒಂದೊಂದು ಅರೇ (ಹಲವು ಬೆಲೆಗಳ ಪಟ್ಟಿ). ಆಗ, ನಾವು ಕೊಟ್ಟ ಹೋಲಿಕೆಯಂತೆ ಜೋಡಿಸುವ ‘ಯುಸಾರ್ಟ್’ಗೆ, ಎರಡು ಸಾಲುಗಳನ್ನು ತೆಗೆದುಕೊಂಡು ಊರಿನ ಹೆಸರನ್ನಷ್ಟೇ ಹೋಲಿಸುವ ಫಂಕ್ಷನ್ ಒಂದನ್ನು ಕೊಡಬೇಕು. ಯುಸಾರ್ಟ್ ಆ ಫಂಕ್ಷನ್‌ಗೆ ಕಳುಹಿಸುವುದು ಎರಡೇ ಆರ್ಗ್ಯುಮೆಂಟ್‌ಗಳನ್ನು. ಮೂರನೆಯದಾಗಿ ಕೊಲೇಟರನ್ನು ಒಳಗೆ ತರಲು ಅದರಲ್ಲಿ ಜಾಗವಿಲ್ಲ. ಹಿಂದೆ ಇದಕ್ಕೆ ಇಡೀ ಪ್ರೋಗ್ರಾಮ್‌ಗೆ ಸೇರಿದ ‘ಗ್ಲೋಬಲ್’ ವೇರಿಯಬಲ್‌ನ ಮೊರೆಹೋಗುತ್ತಿದ್ದರು, ಇಲ್ಲವೇ ಪ್ರತಿ ಹೋಲಿಕೆಯಲ್ಲೂ ಹೊಸ ಕೊಲೇಟರ್ ಕಟ್ಟುತ್ತಿದ್ದರು. ಹೆಸರಿಲ್ಲದ ಫಂಕ್ಷನ್‌ಗೆ ‘ಯೂಸ್’ ಪಟ್ಟಿಯಲ್ಲಿ ಕೊಲೇಟರನ್ನು ಕೊಟ್ಟರೆ ಕೆಲಸ ಒಂದು ಸಾಲಿನಲ್ಲಿ ಮುಗಿಯುತ್ತದೆ. ಕೊಲೇಟರ್ ಒಂದು ಆಬ್ಜೆಕ್ಟ್ ಆಗಿರುವುದರಿಂದ, ಬೆಲೆಯಾಗಿ ಒಯ್ದರೂ ಒಳಗೆ ಬರುವುದು ಅದೇ ಆಬ್ಜೆಕ್ಟಿನ ಹಿಡಿಕೆ, ಅದರ ಪೂರ್ತಿ ನಕಲಲ್ಲ. ಇಲ್ಲಿ ಆ್ಯಂಪರ್ಸಂಡ್ ಬೇಕಾಗುವುದಿಲ್ಲ. ಕಳಸವೂ ಮಳವಳ್ಳಿಯೂ ತಮ್ಮ ತಮ್ಮ ಜಾಗಕ್ಕೆ ಹೋದದ್ದನ್ನು ಕಂಡಾಗ ವಿದ್ಯಾರ್ಥಿಗಳ ಮುಖದಲ್ಲಿ ಕಾಣುವ ಸಂತೋಷವನ್ನು, ಕೂಡುವ ಕಳೆಯುವ ಉದಾಹರಣೆಗಳಿಂದ ತರಲು ನನಗೆ ಆಗಿಲ್ಲ.

ಈಗ ಆ ಪತ್ರ ಬರೆದ ಮಹನೀಯರ ತಾಣದ ವಿಷಯ. ವರ್ಡ್‌ಪ್ರೆಸ್ ತಾಣಗಳಲ್ಲಿ ಈ ದೋಷ ಹೆಚ್ಚಾಗಿ ಬರುವುದು ಹಳೆಯ ಥೀಮ್ ಅಥವಾ ಪ್ಲಗಿನ್‌ನಲ್ಲಿ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ವಿಜೆಟ್ ಅನ್ನು, ಅಂದರೆ ಪುಟದ ಚಿಕ್ಕ ಭಾಗವೊಂದನ್ನು, ನೋಂದಾಯಿಸುವ ಸಾಲಿನಿಂದ. ‘ವಿಜೆಟ್ಸ್ ಇನಿಟ್’ ಎಂಬ ಹುಕ್‌ಗೆ, ಅಂದರೆ ನಾವು ಕೊಟ್ಟ ಫಂಕ್ಷನ್ನನ್ನು ವರ್ಡ್‌ಪ್ರೆಸ್ ಕರೆಯುವ ಜಾಗಕ್ಕೆ, ವಿಜೆಟ್ ಕ್ಲಾಸಿನ ಹೆಸರನ್ನು ನೋಂದಾಯಿಸುವ ಒಂದು ಸಾಲನ್ನು ಸ್ಟ್ರಿಂಗ್ ಆಗಿ ಬರೆದು ಕ್ರಿಯೇಟ್ ಫಂಕ್ಷನ್ ಮೂಲಕ ಕೊಡುವುದು ಒಂದು ಕಾಲದಲ್ಲಿ ಎಲ್ಲೆಡೆ ರೂಢಿಯಲ್ಲಿತ್ತು. ಮೊದಲು ಬ್ಯಾಕಪ್ ತೆಗೆದು, ಆ ಪ್ಲಗಿನ್‌ಗೆ ಹೊಸ ಆವೃತ್ತಿ ಇದೆಯೇ ನೋಡಬೇಕು. ಇಲ್ಲದಿದ್ದರೆ ದೋಷ ಸಂದೇಶದಲ್ಲೇ ಫೈಲಿನ ಹೆಸರೂ ಸಾಲಿನ ಸಂಖ್ಯೆಯೂ ಇರುತ್ತವೆ; ಅಲ್ಲಿನ ಸ್ಟ್ರಿಂಗನ್ನು ಬಿಡಿಸಿ ನಿಜವಾದ ಫಂಕ್ಷನ್ ಆಗಿ ಬರೆದರೆ ಸಾಕು. ಆ ಸ್ಟ್ರಿಂಗ್ ಜೋಡಿ ಉದ್ಧರಣ ಚಿಹ್ನೆಗಳಲ್ಲಿದ್ದು, ಒಳಗೆ ಹೊರಗಿನ ವೇರಿಯಬಲ್ ಒಂದು ಸೇರಿದ್ದರೆ ಮಾತ್ರ ಜಾಗ್ರತೆ ಬೇಕು. ಹಳೆಯ ವಿಧಾನದಲ್ಲಿ ಆ ವೇರಿಯಬಲ್‌ನ ಬೆಲೆ ಸ್ಟ್ರಿಂಗ್ ಕಟ್ಟಿದ ಕ್ಷಣದಲ್ಲೇ ಒಳಗೆ ಅಚ್ಚಾಗುತ್ತಿತ್ತು. ಹೊಸ ಕ್ಲೋಷರ್‌ನಲ್ಲಿ ‘ಯೂಸ್’ ಮೂಲಕ ಬೆಲೆಯಾಗಿ ಒಯ್ದರೆ ಅದೇ ನಡವಳಿಕೆ ಉಳಿಯುತ್ತದೆ. ಆ್ಯಂಪರ್ಸಂಡ್ ಹಾಕಿದರೆ ಬದಲಾಗುತ್ತದೆ. ‘ಯೂಸ್’ ಬರೆಯುವುದನ್ನೇ ಮರೆತರೆ ಒಳಗೆ ಆ ವೇರಿಯಬಲ್ ಖಾಲಿಯಾಗಿ, ಪುಟ ತೆರೆದರೂ ಅದರ ಒಂದು ಭಾಗ ಮಾತ್ರ ಕಾಣೆಯಾಗಿರುತ್ತದೆ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಸ್ಪಷ್ಟವಾಗಿ ಹೇಳಬೇಕು. ಕ್ಲೋಷರ್‌ಗಳನ್ನು ಇಷ್ಟು ಮೆಚ್ಚಿದರೂ, ಹುಕ್‌ಗಳಿಗೆ ಹೆಸರಿರುವ ಫಂಕ್ಷನ್ನನ್ನೇ ಕೊಡಬೇಕೆಂದು ನಾನು ಹೇಳುತ್ತೇನೆ. ಹುಕ್‌ಗೆ ಸೇರಿಸಿದ್ದನ್ನು ಮತ್ತೊಂದು ಪ್ಲಗಿನ್ ಅಥವಾ ಥೀಮ್ ತೆಗೆದುಹಾಕಬೇಕಾದರೆ ಅದೇ ಫಂಕ್ಷನ್ನನ್ನು ಗುರುತಿಸಿ ಹೇಳಬೇಕು. ಹೆಸರಿಲ್ಲದ್ದನ್ನು, ಅದನ್ನು ಯಾವ ವೇರಿಯಬಲ್‌ನಲ್ಲೂ ಇಟ್ಟುಕೊಂಡಿಲ್ಲವಾದರೆ, ಹಾಗೆ ಗುರುತಿಸುವುದು ಬಹಳ ಕಷ್ಟ. ವರ್ಡ್‌ಪ್ರೆಸ್‌ನ ಕೋಡಿಂಗ್ ನಿಯಮಗಳೂ ಇದೇ ಕಾರಣಕ್ಕೆ ಹುಕ್‌ಗಳಿಗೆ ಕ್ಲೋಷರ್ ಕೊಡಬೇಡಿ ಎನ್ನುತ್ತವೆ. ಒಂದೇ ಕಡೆ ಬಳಸಿ ಅಲ್ಲೇ ಮುಗಿಯುವ ಕೆಲಸಗಳಿಗೆ, ಅಂದರೆ ಜೋಡಣೆ, ಸೋಸುವಿಕೆ, ಪಠ್ಯದಲ್ಲಿ ಹುಡುಕಿ ಬದಲಿಸುವಿಕೆ ಮುಂತಾದವಕ್ಕೆ, ಹೆಸರಿಲ್ಲದ ಫಂಕ್ಷನ್ ಅತ್ಯುತ್ತಮ. ಬೇರೆಯವರು ಮುಂದೆ ಹುಡುಕಿಕೊಂಡು ಬರಬಹುದಾದ ಕೆಲಸಕ್ಕೆ ಹೆಸರು ಇರಲಿ.

ಕ್ಲಾಸ್‌ನೊಳಗೆ ಬರೆದ ಕ್ಲೋಷರ್ 2012ರ 5.4ನೇ ಆವೃತ್ತಿಯಿಂದ ಆ ಆಬ್ಜೆಕ್ಟನ್ನೂ ತನ್ನೊಡನೆ ಹಿಡಿದುಕೊಳ್ಳುತ್ತದೆ. ಬೇಡವಾದರೆ ಫಂಕ್ಷನ್ ಎಂಬ ಪದಕ್ಕಿಂತ ಮೊದಲು ‘ಸ್ಟ್ಯಾಟಿಕ್’ ಎಂದು ಬರೆಯಬೇಕು. ಪುಟ ತೆರೆದು ಮುಗಿಯುವ ಸಾಧಾರಣ ತಾಣಗಳಲ್ಲಿ ಇದರಿಂದ ತೊಂದರೆ ಕಾಣದು, ಗಂಟೆಗಟ್ಟಲೆ ಓಡುವ ಹಿನ್ನೆಲೆ ಕೆಲಸಗಳಲ್ಲಿ ಮೆಮೊರಿ ಏರುತ್ತ ಹೋಗುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಇಷ್ಟೆಲ್ಲ ವಿವರ ಪತ್ರಿಕೆಯ ಪುಟಕ್ಕೆ ಅಗತ್ಯವೇ ಎಂದು ತಾವು ಕೇಳಬಹುದು. ಅಗತ್ಯವೆಂದೇ ನನ್ನ ನಂಬಿಕೆ. ಸಂಘ ಸಂಸ್ಥೆಗಳ, ಶಾಲೆಗಳ, ಸಣ್ಣ ಪ್ರಕಾಶಕರ ತಾಣಗಳನ್ನು ಕಟ್ಟಿ ನೋಡಿಕೊಳ್ಳುವವರು ಬಹುಪಾಲು ನಮ್ಮ ಪದವಿ ಮತ್ತು ಡಿಪ್ಲೊಮಾ ತರಗತಿಗಳಿಂದ ಹೊರಬಂದ ಹುಡುಗ ಹುಡುಗಿಯರೇ. ಅವರ ಕೈಗೆ ನಾವು ಕೊಡುವ ನೋಟ್ಸ್ ಹೇಗಿರುತ್ತದೆ? ನನ್ನ ಕೈಗೆ ಬಂದ ನೋಟ್ಸ್‌ಗಳಲ್ಲಿ ಇಂದಿಗೂ ಕ್ರಿಯೇಟ್ ಫಂಕ್ಷನ್ ಬಳಸಿದ ಉದಾಹರಣೆಗಳಿವೆ, ಹೊರಗಿನ ಬೆಲೆ ಬೇಕಾದಲ್ಲೆಲ್ಲ ಗ್ಲೋಬಲ್ ಎಂದು ಬರೆದ ಉದಾಹರಣೆಗಳಿವೆ. ಯಾವ ಉದಾಹರಣೆ ಯಾವ ಆವೃತ್ತಿಯಲ್ಲಿ ಓಡುತ್ತದೆ ಎಂಬ ಮಾತೇ ಇಲ್ಲ. ಮೂರು ವರ್ಷ ಅದನ್ನೇ ಓದಿ ಹೊರಬಂದವರು ಕೆಲಸಕ್ಕೆ ಸೇರಿದ ಮೊದಲ ವಾರವೇ, ತಾವು ಉರುಹೊಡೆದದ್ದು ಸರ್ವರ್‌ನಲ್ಲಿ ಓಡುವುದೇ ಇಲ್ಲವೆಂದು ಕಂಡುಕೊಳ್ಳುವಂತಾದರೆ, ಅದಕ್ಕೆ ಹೊಣೆ ಆ ಮಕ್ಕಳದಲ್ಲ.

ಪರೀಕ್ಷೆಯ ಪ್ರಶ್ನೆಗಳೂ ಇದನ್ನು ಸರಿಪಡಿಸುವಂತಿಲ್ಲ. ‘ಕ್ಲೋಷರ್ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ’ ಎಂದು ಕೇಳಿದರೆ, ಎರಡು ಸಾಲಿನ ವ್ಯಾಖ್ಯೆಯನ್ನೂ ಪುಸ್ತಕದ ಉದಾಹರಣೆಯನ್ನೂ ಬರೆದವರಿಗೆ ಪೂರ್ಣ ಅಂಕ ಸಿಗುತ್ತದೆ. ಅರ್ಥವಾಗಿದೆಯೋ ಇಲ್ಲವೋ ಮೌಲ್ಯಮಾಪಕರಿಗೆ ತಿಳಿಯುವ ದಾರಿಯೇ ಇಲ್ಲ. ಅದರ ಬದಲು ಎಂಟು ಹತ್ತು ಸಾಲುಗಳ ಕೋಡ್ ಕೊಟ್ಟು, ಇದು ಏನನ್ನು ಮುದ್ರಿಸುತ್ತದೆ, ಏಕೆ, ಇದೇ ಸಾಲುಗಳು ಜಾವಾಸ್ಕ್ರಿಪ್ಟ್‌ನಲ್ಲಿದ್ದರೆ ಉತ್ತರ ಬದಲಾಗುತ್ತಿತ್ತೇ ಎಂದು ಕೇಳುವುದು ಕಷ್ಟವೇನಲ್ಲ. ಪಠ್ಯಕ್ರಮ ಸಮಿತಿಗಳಲ್ಲಿರುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ವೆಬ್ ಪ್ರೋಗ್ರಾಮಿಂಗ್ ಪಠ್ಯದ ಪ್ರತಿಯೊಂದು ಉದಾಹರಣೆಯ ಮೇಲೂ ಅದನ್ನು ಓಡಿಸಿ ನೋಡಿದ ಪಿಎಚ್‌ಪಿ ಆವೃತ್ತಿಯ ಸಂಖ್ಯೆಯನ್ನು ನಮೂದಿಸುವುದನ್ನು ಕಡ್ಡಾಯ ಮಾಡಿ, ಮತ್ತು ಕ್ಲೋಷರ್‌ನ ಪ್ರಶ್ನೆಯನ್ನು ವ್ಯಾಖ್ಯೆಯಿಂದ ಉತ್ತರ ಊಹಿಸುವ ಪ್ರಶ್ನೆಗೆ ಬದಲಿಸಿ. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿಯೂ ಹೊಸ ಫೋನ್‌ಗಳ ಪರಿಚಯದ ಪಕ್ಕದಲ್ಲಿ ತಿಂಗಳಿಗೊಮ್ಮೆ ಇಂತಹ ಹತ್ತು ಸಾಲುಗಳ ಕೋಡನ್ನು, ಕನ್ನಡ ವೇರಿಯಬಲ್ ಹೆಸರುಗಳೊಂದಿಗೇ, ಪ್ರಕಟಿಸಲು ಜಾಗ ಮಾಡಿಕೊಟ್ಟರೆ, ಬರೆದುಕೊಡಲು ನಾನೂ ನನ್ನ ಕೆಲವು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಮೊದಲ ಕಂತಿಗೆ ಊರುಗಳ ಪಟ್ಟಿಯ ಉದಾಹರಣೆಯನ್ನು 8ನೇ ಆವೃತ್ತಿಯಲ್ಲಿ ಓಡಿಸಿ ನೋಡಿ ಕಳುಹಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವೆಬ್ ಪ್ರೋಗ್ರಾಮಿಂಗ್ ಉಪನ್ಯಾಸಕರು,
ಶಿವಮೊಗ್ಗ